ವರ್ಸೇಲ್ಸ್ ಅರಮನೆ ನೋಡುವ ಬಗೆ: ಚಾಪೆಲ್, ಕನ್ನಡಿ ಹಜಾರ, ಕಾರಂಜಿ ತೋಟಗಳಿಗೆ ಒಂದು ದಿನದ ಸಮಗ್ರ ಮಾರ್ಗದರ್ಶಿ

ಪ್ಯಾರಿಸ್ ಬಳಿಯ, ಫ್ರಾನ್ಸಿನ ರಾಜರ ಹಳೆಯ ಅರಮನೆಯಾದ ವರ್ಸೇಲ್ಸ್‌ಗೆ ಹೋಗಿಬಂದವರಲ್ಲಿ ಹೆಚ್ಚಿನವರು ಹೇಳುವುದು ಎರಡೇ ಮಾತು: ಕನ್ನಡಿ ಹಜಾರ ಚೆನ್ನಾಗಿತ್ತು, ಜನ ವಿಪರೀತ. ಚಾಪೆಲ್ (ಅರಮನೆಯ ಪ್ರಾರ್ಥನಾ ಮಂದಿರ) ಬಗ್ಗೆ ಕೇಳಿದರೆ ‘ಬಾಗಿಲಿಂದ ಇಣುಕಿ ನೋಡಿದೆವು’ ಅನ್ನುತ್ತಾರೆ. ಉದ್ಯಾನದ ಮಾತು ಬಂದರೆ ‘ಅಷ್ಟೊತ್ತಿಗೆ ಕಾಲು ಸೋತಿತ್ತು’. ಸುಮಾರು 800 ಹೆಕ್ಟೇರಿನ ಎಸ್ಟೇಟನ್ನು ಗುಂಪು ಹೋದ ದಾರಿಯಲ್ಲೇ ಹೋಗಿ ನೋಡಿದರೆ ಹೀಗಾಗುವುದು ಸಹಜ. ಇಲ್ಲಿ ದಿನವನ್ನು ನಡೆಸುವ ಗಡಿಯಾರ ಮೂರು: ನಿಮ್ಮ ಟಿಕೆಟ್ಟಿನ ಹೊತ್ತು, ಸೂರ್ಯನ ಹೊತ್ತು, ಕಾರಂಜಿಗಳಿಗೆ ನೀರು ಬಿಡುವ ಹೊತ್ತು. ಈ ಮೂರನ್ನೂ ಮೊದಲೇ ಹೊಂದಿಸಿಕೊಂಡರೆ ಅದೇ ಜಾಗ, ಅದೇ ಜನಸಂದಣಿಯ ನಡುವೆಯೂ ಬೇರೆಯಾಗಿಯೇ ಕಾಣುತ್ತದೆ.

ಮೊದಲು ದಿನ ಆರಿಸಿ

ಅರಮನೆಗೆ ಸೋಮವಾರ ರಜೆ. ಜನವರಿ 1, ಮೇ 1, ಡಿಸೆಂಬರ್ 25ರಂದೂ ಮುಚ್ಚಿರುತ್ತದೆ. ಸೋಮವಾರ ಉದ್ಯಾನ ತೆರೆದಿರುವುದರಿಂದ ಮೋಸಹೋಗುವವರು ಬಹಳ. ಗೇಟು ತೆರೆದಿದೆಯಲ್ಲ ಎಂದು ರೈಲು ಹತ್ತಿ ಬಂದು, ಅರಮನೆಯ ಬಾಗಿಲು ಮುಚ್ಚಿದ್ದು ನೋಡಿ ವಾಪಸಾಗುತ್ತಾರೆ.

ಮಂಗಳವಾರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ರಜೆಯಾದ್ದರಿಂದ ಅಲ್ಲಿಗೆ ಹೋಗಬೇಕಿದ್ದ ಜನವೂ ಇಲ್ಲಿಗೇ ಬರುತ್ತದೆ. ಶನಿವಾರ, ಭಾನುವಾರ ಹೇಗಿದ್ದರೂ ತುಂಬಿರುತ್ತದೆ. ಒಳಗಿನ ಕೋಣೆಗಳೇ ನಿಮಗೆ ಮುಖ್ಯವಾದರೆ ಬುಧವಾರ ಅಥವಾ ಗುರುವಾರ ಬನ್ನಿ. ಕಾರಂಜಿ ನೋಡಲೇಬೇಕೆಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಶನಿವಾರ ಅಥವಾ ಭಾನುವಾರ ಬಂದು ಜನಸಂದಣಿಯನ್ನು ಸಹಿಸಿಕೊಳ್ಳಬೇಕು. ಕೆಲವು ಅವಧಿಯಲ್ಲಿ ವಾರದ ನಡುವೆಯೂ ಕಾರಂಜಿ ದಿನಗಳಿರುತ್ತವೆ, ಆ ವರ್ಷದ ಪಟ್ಟಿ ನೋಡಿಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಸಂಗೀತ ಕಾರಂಜಿ’ ದಿನ ಬೇರೆ, ‘ಸಂಗೀತ ಉದ್ಯಾನ’ ದಿನ ಬೇರೆ. ಮೊದಲನೆಯದರಲ್ಲಿ ಕೊಳಗಳಿಗೆ ನೀರು ಬಿಡುತ್ತಾರೆ. ಎರಡನೆಯದರಲ್ಲಿ ತೋಪುಗಳ ಬಾಗಿಲು ತೆರೆದು ಸಂಗೀತ ಹಾಕುತ್ತಾರೆ, ಆದರೆ ಹೆಚ್ಚಿನ ಕಾರಂಜಿಗಳು ಸುಮ್ಮನಿರುತ್ತವೆ. ಎರಡಕ್ಕೂ ಟಿಕೆಟ್ ಉಂಟು. ಹೆಸರು ಓದದೆ ಕೊಂಡವರು ಒಣ ಕೊಳದ ಮುಂದೆ ಕಾಯುತ್ತ ನಿಲ್ಲುತ್ತಾರೆ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಉದ್ಯಾನಕ್ಕೆ ಪ್ರವೇಶ ಉಚಿತ. ಆದರೆ ಆಗ ಅಮೃತಶಿಲೆಯ ವಿಗ್ರಹಗಳಿಗೆ ಹಿಮದಿಂದ ಕಾಪಾಡಲು ಹೊದಿಕೆ ಹಾಕಿರುತ್ತಾರೆ, ತೋಪುಗಳು ಮುಚ್ಚಿರುತ್ತವೆ. ಚಳಿಗಾಲವನ್ನು ಅರಮನೆಯ ಒಳಗನ್ನು ನಿಧಾನವಾಗಿ ನೋಡುವುದಕ್ಕೆ ಇಟ್ಟುಕೊಳ್ಳಿ.

ಟಿಕೆಟ್: ಯಾವುದು, ಯಾವ ಹೊತ್ತಿನದು

ಒಂದು ಪೂರ್ತಿ ದಿನಕ್ಕೆ ಸರಿಯಾದದ್ದು ‘ಪಾಸ್‌ಪೋರ್ಟ್’ ಎಂಬ ಟಿಕೆಟ್. ಪ್ರಯಾಣದ ಪಾಸ್‌ಪೋರ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅರಮನೆ, ತ್ರಿಯಾನೋನ್ ಎಸ್ಟೇಟ್ (ಉದ್ಯಾನದ ಆಚೆಗಿರುವ ಎರಡು ಚಿಕ್ಕ ಅರಮನೆಗಳು, ಹಳ್ಳಿಮನೆಗಳು), ಕಾರಂಜಿ ದಿನದ ಉದ್ಯಾನ ಎಲ್ಲವೂ ಇದರೊಳಗೆ ಬರುತ್ತವೆ. ಬರೀ ಅರಮನೆಯ ಟಿಕೆಟ್ ಕೊಂಡರೆ ಕಾರಂಜಿ ದಿನ ಉದ್ಯಾನದ ಗೇಟಿನಲ್ಲಿ ಮತ್ತೆ ದುಡ್ಡು ಕೊಡಬೇಕು. 18 ವರ್ಷದೊಳಗಿನವರಿಗೆ ಅರಮನೆ ಉಚಿತ, ಕಾರಂಜಿ ದಿನದ ಉದ್ಯಾನ ಮಾತ್ರ ತೀರಾ ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರಿಗೆ ಉಚಿತವಲ್ಲ. ಪ್ಯಾರಿಸ್ ಮ್ಯೂಸಿಯಂ ಪಾಸ್ ಇದ್ದವರೂ ಅರಮನೆಗೆ ಹೊತ್ತು ಕಾಯ್ದಿರಿಸಲೇಬೇಕು, ಆ ಪಾಸಿನಲ್ಲೂ ಕಾರಂಜಿ ಸೇರಿಲ್ಲ. ಯುರೋಪ್ ಆರ್ಥಿಕ ವಲಯದ ಹೊರಗಿನವರಿಗೆ 2026ರ ಜನವರಿಯಿಂದ ದರ ಹೆಚ್ಚು. ಭಾರತದಿಂದ ಬರುವವರು ಬುಕ್ ಮಾಡುವಾಗ ಸರಿಯಾದ ವರ್ಗವನ್ನೇ ಆರಿಸಿ. ಅರಮನೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ನಿಲ್ದಾಣದಿಂದ ಅರಮನೆಗೆ ಹೋಗುವ ದಾರಿಯಲ್ಲಿ ‘ಇಲ್ಲಿ ಟಿಕೆಟ್ ಸಿಗುತ್ತದೆ’ ಎಂದು ಕರೆಯುವ ಅಂಗಡಿಗಳಿಗೆ ಹೋಗುವ ಅಗತ್ಯವೇ ಇಲ್ಲ.

ಟಿಕೆಟ್ಟಿನಲ್ಲಿರುವ ಹೊತ್ತಿನಿಂದ ಅರ್ಧ ಗಂಟೆಯೊಳಗೆ ಬಾಗಿಲಲ್ಲಿರಬೇಕು. ಯಾವ ಹೊತ್ತು ಒಳ್ಳೆಯದು ಎಂಬುದಕ್ಕೆ ಬೆಳಕು ಉತ್ತರ ಹೇಳುತ್ತದೆ. ಚಾಪೆಲ್‌ನ ಬಲಿಪೀಠ ಪೂರ್ವಕ್ಕಿದೆ, ಬೆಳಗಿನ ಬಿಸಿಲು ಅದರ ಹಿಂದಿನ ಕಿಟಕಿಗಳಿಂದ ಒಳಗೆ ಬರುತ್ತದೆ. ಕನ್ನಡಿ ಹಜಾರದ ಕಿಟಕಿಗಳು ಪಶ್ಚಿಮಕ್ಕಿವೆ, ಅದು ಬೆಳಗುವುದು ಮಧ್ಯಾಹ್ನ ಮೂರರ ಮೇಲೆ. ಒಂದೇ ಸಲಕ್ಕೆ ಎರಡೂ ಸಿಗುವುದಿಲ್ಲ, ಒಮ್ಮೆ ಅರಮನೆಯಿಂದ ಹೊರಬಿದ್ದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುವುದೂ ಇಲ್ಲ. ಮೊದಲ ಸಲ ಬರುವವರಿಗೆ ನಮ್ಮ ಸಲಹೆ ಬೆಳಗ್ಗೆ 9ರ ಮೊದಲ ಹೊತ್ತು. ಜನ ಕಡಿಮೆ, ಚಾಪೆಲ್‌ನಲ್ಲಿ ಬೆಳಕು, ಮಧ್ಯಾಹ್ನ ಪೂರ್ತಿ ಉದ್ಯಾನಕ್ಕೆ. ಅದು ಸಿಗದಿದ್ದರೆ 11, 12 ಗಂಟೆಯನ್ನು ಬಿಟ್ಟು ನೇರ ಮಧ್ಯಾಹ್ನ ಮೂರಕ್ಕೆ ಹೋಗಿ, ಬೆಳಗ್ಗೆಯೇ ಉದ್ಯಾನ ಮುಗಿಸಿಕೊಳ್ಳಿ. ನಡು ಹೊತ್ತಿನಲ್ಲಿ ಪ್ರವಾಸಿ ಬಸ್ಸುಗಳ ಗುಂಪುಗಳೆಲ್ಲ ಒಟ್ಟಿಗೆ ಒಳಗಿರುತ್ತವೆ.

ಪ್ಯಾರಿಸ್‌ನಿಂದ ಹೋಗುವುದು

ದೂರ ಸುಮಾರು 20 ಕಿ.ಮೀ. ಫ್ರೆಂಚರ ಬಾಯಲ್ಲಿ ಊರಿನ ಹೆಸರು ‘ವೆರ್ಸಾಯ್’, ರೈಲಿನಲ್ಲಿ ಘೋಷಣೆ ಕೇಳುವಾಗ ನೆನಪಿರಲಿ. ಊರಿನಲ್ಲಿ ಮೂರು ನಿಲ್ದಾಣಗಳಿವೆ.

‘ಆರ್‌ಇಆರ್’ ಎಂಬ ಉಪನಗರ ರೈಲಿನ ಸಿ ಮಾರ್ಗದ ಕೊನೆಯ ನಿಲ್ದಾಣ ‘ವೆರ್ಸಾಯ್ ಶಾತೋ ರೀವ್ ಗೋಶ್’. ಅಲ್ಲಿಂದ ಅರಮನೆಗೆ ಹತ್ತು ನಿಮಿಷದ ನಡಿಗೆ, ಇದೇ ಎಲ್ಲಕ್ಕಿಂತ ಹತ್ತಿರ. ಆದರೆ ಸಿ ಮಾರ್ಗ ಹಲವು ಕವಲಾಗಿ ಒಡೆಯುತ್ತದೆ. ‘ಸಿ ರೈಲು ಬಂತು’ ಎಂದು ಹತ್ತಿದರೆ ಬೇರೆ ಊರಿಗೆ ಹೋದೀರಿ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಕೊನೆಯ ನಿಲ್ದಾಣದ ಪೂರ್ತಿ ಹೆಸರು ನೋಡಿಯೇ ಹತ್ತಬೇಕು. ಬೇಸಿಗೆಯಲ್ಲಿ ಹಳಿ ಕೆಲಸಕ್ಕಾಗಿ ಪ್ಯಾರಿಸ್ ನಡುವಿನ ಭಾಗ ಮುಚ್ಚುವುದುಂಟು. ಆಗ ಮೋಂಪರ್ನಾಸ್ ನಿಲ್ದಾಣದಿಂದ ಎನ್ ಮಾರ್ಗ ಹಿಡಿದು ‘ವೆರ್ಸಾಯ್ ಶಾಂತ್ಯೇ’ಯಲ್ಲಿ ಇಳಿಯಿರಿ, ನಡಿಗೆ ಸುಮಾರು 20 ನಿಮಿಷ. ಸೇಂಟ್ ಲಜಾರ್ ನಿಲ್ದಾಣದಿಂದ ಎಲ್ ಮಾರ್ಗ ‘ವೆರ್ಸಾಯ್ ರೀವ್ ದ್ರುವಾತ್’ಗೆ ಬರುತ್ತದೆ, ನಡಿಗೆ ಹೆಚ್ಚುಕಡಿಮೆ ಅಷ್ಟೇ.

2025ರ ಜನವರಿಯಿಂದ ಪ್ಯಾರಿಸ್ ಪ್ರದೇಶದ ಮೆಟ್ರೊ ಮತ್ತು ರೈಲುಗಳಿಗೆ ಒಂದೇ ದರದ ಟಿಕೆಟ್ ಬಂದಿರುವುದರಿಂದ ವಲಯ ಲೆಕ್ಕ ಹಾಕುವ ಹಳೆಯ ತಲೆನೋವು ತಪ್ಪಿದೆ. ಕಾರ್ಡಿಗೆ ಟಿಕೆಟ್ ತುಂಬಿಸಿಕೊಳ್ಳುವವರು ಗಮನಿಸಿ: ಒಂದು ಕಾರ್ಡಿನಲ್ಲಿ ಇಬ್ಬರು ದಾಟುವಂತಿಲ್ಲ, ತಲೆಗೊಂದು ಕಾರ್ಡ್ ಬೇಕು. ಹೋಗುವಾಗಲೇ ಬರುವುದಕ್ಕೂ ಟಿಕೆಟ್ ತುಂಬಿಸಿ. ಸಂಜೆ ವರ್ಸೇಲ್ಸ್ ನಿಲ್ದಾಣದ ಯಂತ್ರಗಳ ಮುಂದೆ ಉದ್ದ ಸಾಲಿರುತ್ತದೆ. ಈ ರೈಲುಗಳಲ್ಲಿ ಜೇಬುಗಳ್ಳರ ಕಾಟವಿದೆ, ಪಾಸ್‌ಪೋರ್ಟ್ ಬೆನ್ನಚೀಲದ ಹೊರಜೇಬಿನಲ್ಲಿ ಇರದಿರಲಿ.

ಏನು ಒಯ್ಯಬೇಕು, ಏನು ಬೇಡ

ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ದೊಡ್ಡ ಲಗೇಜನ್ನು ಸಾಮಾನು ಕೋಣೆಯಲ್ಲೂ ಇಟ್ಟುಕೊಳ್ಳುವುದಿಲ್ಲ. ವಿಮಾನ ಇಳಿದು ನೇರ ಬರುವ ಯೋಚನೆ ಬೇಡ. ಸೆಲ್ಫಿ ಕೋಲು, ಫ್ಲ್ಯಾಶ್ ಎರಡೂ ನಿಷಿದ್ಧ. ಮಕ್ಕಳ ತಳ್ಳುಗಾಡಿಯನ್ನು ಬಾಗಿಲಲ್ಲೇ ಬಿಡಬೇಕು, ಕೂಸು ಇದ್ದರೆ ಬಟ್ಟೆಯ ಜೋಳಿಗೆ ತನ್ನಿ. ನಮ್ಮಲ್ಲಿ ಮೈಸೂರು ಅರಮನೆಗೆ ಹೋದಾಗ ಚಪ್ಪಲಿ ಬಿಡುವಂತೆ ಇಲ್ಲಿ ಬಿಡುವುದಿಲ್ಲ, ದಿನಪೂರ್ತಿ ಪಾದರಕ್ಷೆ ಕಾಲಲ್ಲೇ. ಅಂಗಳದ ಕಲ್ಲು ಉಬ್ಬುತಗ್ಗು, ಉದ್ಯಾನದಲ್ಲಿ ಜಲ್ಲಿ ಪುಡಿ. ತೆಳು ಅಟ್ಟೆಯ ಚಪ್ಪಲಿಯಲ್ಲಿ ಸಂಜೆಯವರೆಗೆ ತಾಳಲಾರಿರಿ. ಅರಮನೆಯ ಉಚಿತ ಆ್ಯಪನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು ಇಯರ್‌ಫೋನ್ ತನ್ನಿ.

ವಯಸ್ಸಾದ ತಂದೆತಾಯಿಯನ್ನು ಕರೆತರುವವರು ಹೆಚ್ಚು. ಒಳಗೆ ಕೂರಲು ಆಸನ ಬಹಳ ಕಡಿಮೆ. ಗುರುತಿನ ಚೀಟಿ ಕೊಟ್ಟರೆ ಗಾಲಿಕುರ್ಚಿ ಸಿಗುತ್ತದೆ, ಲಿಫ್ಟ್ ಇದೆ. ನಾಚಿಕೆ ಬಿಟ್ಟು ಮೊದಲೇ ಕೇಳಿ, ಅರ್ಧ ದಾರಿಯಲ್ಲಿ ಕಾಲು ನೋವೆಂದರೆ ಹಿಂತಿರುಗುವುದು ಸುಲಭವಲ್ಲ.

ಚಾಪೆಲ್: ಅಂಗಳದಿಂದಲೇ ಶುರು

ಬಿಡಿ ಪ್ರವಾಸಿಗರಿಗೆ ಎ ದ್ವಾರ. ಭದ್ರತಾ ತಪಾಸಣೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಬಲಕ್ಕೆ ತಲೆಯೆತ್ತಿ. ಅರಮನೆಯ ಉಳಿದ ಚಾವಣಿಗಳನ್ನೆಲ್ಲ ಮೀರಿ ಎದ್ದಿರುವುದೇ ಚಾಪೆಲ್‌ನ ಕಡಿದಾದ ಮಾಡು. ರಾಜ 14ನೆಯ ಲೂಯಿ ಕಟ್ಟಿಸಿದ ಕೊನೆಯ ದೊಡ್ಡ ಕೆಲಸ ಇದು, ಅರಮನೆಯ ಐದನೆಯ ಚಾಪೆಲ್. ವಾಸ್ತುಶಿಲ್ಪಿ ಜೂಲ್ ಅರ್ದುವಾಂ ಮಾನ್ಸಾರ್ 1689ರಲ್ಲಿ ಆರಂಭಿಸಿದ. ಯುದ್ಧದ ಖರ್ಚಿನಿಂದ ಕೆಲಸ ನಿಂತು 1699ರಲ್ಲಿ ಮತ್ತೆ ಶುರುವಾಯಿತು. 1708ರಲ್ಲಿ ಮಾನ್ಸಾರ್ ತೀರಿಕೊಂಡ ಮೇಲೆ ರೊಬೇರ್ ದ ಕೋತ್ ಮುಗಿಸಿದ, 1710ರ ಜೂನ್ 5ರಂದು ಪ್ರತಿಷ್ಠೆಯಾಯಿತು. ಅದನ್ನು ರಾಜ ಬಳಸಿದ್ದು ಐದೇ ವರ್ಷ, 1715ರಲ್ಲಿ ತೀರಿಕೊಂಡ. ಹೊರಗಿನ ಕಲ್ಲು, ಮಾಡು, ವಿಗ್ರಹ, ಗಾಜುಗಳ ದೊಡ್ಡ ದುರಸ್ತಿ 2021ರಲ್ಲಿ ಮುಗಿದಿರುವುದರಿಂದ ಮಾಡಿನ ಚಿನ್ನದ ಲೇಪ ಈಗ ಹೊಳೆಯುತ್ತಿದೆ.

ಒಳಗೆ ಅದನ್ನು ಎರಡು ಕಡೆಯಿಂದ ನೋಡುತ್ತೀರಿ, ಎರಡೂ ಕಡೆ ಬಾಗಿಲಲ್ಲೇ ತಡೆ. ಹೆಚ್ಚಿನವರು ಒಂದು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ಎರಡು ಕಡೆಯೂ ಐದೈದು ನಿಮಿಷ ನಿಲ್ಲಿ, ಗುಂಪು ಅಲೆಯಲೆಯಾಗಿ ಬರುತ್ತದೆ, ನಡುವೆ ಬಾಗಿಲು ಖಾಲಿಯಾಗುತ್ತದೆ.

ಕೆಳಗಿನ ಬಾಗಿಲಿನಿಂದ ಕಾಣುವುದು ಜನಸಾಮಾನ್ಯರು ಮತ್ತು ಆಸ್ಥಾನದವರು ನಿಲ್ಲುತ್ತಿದ್ದ ನೆಲ. ಬಣ್ಣಬಣ್ಣದ ಅಮೃತಶಿಲೆಯ ನೆಲಹಾಸು, ದಪ್ಪ ಚೌಕ ಕಂಬಗಳು, ಕಮಾನುಗಳು, ಅವುಗಳ ಮೇಲೆ ಉಬ್ಬುಶಿಲ್ಪ. ಅದೇ ಕಂಬಗಳು ಮೇಲಂತಸ್ತಿನಲ್ಲಿ ದುಂಡಗೆ, ತೆಳ್ಳಗೆ, ಕೊರಿಂಥಿಯನ್ ಶೈಲಿಯ ಸ್ತಂಭಸಾಲಾಗುತ್ತವೆ. ಭಾರವನ್ನು ಕೆಳಗೆ ಹೊರಿಸಿ ಬೆಳಕನ್ನು ಮೇಲೆ ಬಿಟ್ಟದ್ದು ಉದ್ದೇಶದಿಂದಲೇ, ಮೇಲೆ ಕೂರುವವನು ರಾಜ. ಗೋಡೆಗೆ ಬಣ್ಣವಿಲ್ಲ, ಬಿಳಿ ಕಲ್ಲು ಮಾತ್ರ. ಕಿಟಕಿಗಳಲ್ಲೂ ಹೆಚ್ಚಾಗಿ ಬಣ್ಣವಿಲ್ಲದ ಗಾಜು. ಹಾಗಾಗಿ ಕಣ್ಣು ತಾನಾಗಿಯೇ ಚಾವಣಿಯ ಚಿತ್ರಗಳಿಗೆ ಹೋಗುತ್ತದೆ.

ಮೇಲಿನ ಬಾಗಿಲು ರಾಜನ ಮೊಗಸಾಲೆಯದು. ದಿನವೂ ಬೆಳಗ್ಗೆ ಆತ ಬಂದು ಪೂಜೆ ಕೇಳುತ್ತಿದ್ದದ್ದು ಇಲ್ಲಿಂದ. ಕೆಳಗಿಳಿಯುತ್ತಿದ್ದದ್ದು ದೊಡ್ಡ ಹಬ್ಬಗಳಂತಹ ವಿಶೇಷ ಸಂದರ್ಭಗಳಲ್ಲಿ ಮಾತ್ರ. ಇಲ್ಲಿ ನಿಂತು ಮೂರನ್ನು ಹುಡುಕಿ. ಎದುರಿಗೆ ಬಲಿಪೀಠದ ಮೇಲ್ಭಾಗದಲ್ಲೇ ಆರ್ಗನ್ ವಾದ್ಯ. ಸಾಮಾನ್ಯವಾಗಿ ಚರ್ಚುಗಳಲ್ಲಿ ಅದು ಬೆನ್ನ ಹಿಂದೆ, ಬಾಗಿಲ ಮೇಲಿರುತ್ತದೆ. ಇಲ್ಲಿ ರಾಜನ ಕಣ್ಣಿಗೆ ನೇರ ಎದುರಾಗಿ ಇಟ್ಟಿದ್ದಾರೆ. ವಾದ್ಯ ಕ್ಲಿಕೋ ತಯಾರಿಸಿದ್ದು, 1711ರಲ್ಲಿ ಮೊದಲು ನುಡಿಸಿದವನು ಸಂಗೀತಕಾರ ಫ್ರಾನ್ಸ್ವಾ ಕೂಪೆರಾಂ. ಎರಡನೆಯದು ಆರ್ಗನ್ನಿನ ಮೇಲಿನ ಅರ್ಧಗುಮ್ಮಟದಲ್ಲಿ ಶಾರ್ಲ್ ದ ಲಾ ಫೋಸ್ ಬರೆದ ಕ್ರಿಸ್ತನ ಪುನರುತ್ಥಾನ. ಮೂರನೆಯದು ನಡು ಚಾವಣಿಯಲ್ಲಿ ಆಂತ್ವಾನ್ ಕ್ವಾಪೆಲ್ ಬರೆದ ಮಹಿಮಾನ್ವಿತ ದೇವಪಿತ. ಪವಿತ್ರಾತ್ಮ ಇಳಿಯುವ ಜುವೆನೆಯ ಚಿತ್ರ ರಾಜನ ಆಸನದ ನೆತ್ತಿಯ ಮೇಲಿದೆ. ತಡೆಯ ಹತ್ತಿರಕ್ಕೆ ಬಂದು ಕತ್ತೆತ್ತಿದರೂ ಅದರ ಅಂಚಷ್ಟೇ ಕಂಡೀತು.

16ನೆಯ ಲೂಯಿ ಮತ್ತು ಮರಿ ಆಂತ್ವಾನೆತ್ ಮದುವೆಯಾದದ್ದು ಈ ಚಾಪೆಲ್‌ನಲ್ಲೇ, 1770ರ ಮೇ 16ರಂದು.

ಒಳಗೆ ಕೂತು ನೋಡಬೇಕೆಂಬ ಆಸೆಯಿದ್ದರೆ ದಾರಿಯಿದೆ. ಇಲ್ಲಿ ವರ್ಷವಿಡೀ ಟಿಕೆಟ್ ಕೊಂಡು ಕೇಳುವ ಸಂಗೀತ ಕಚೇರಿಗಳು ನಡೆಯುತ್ತವೆ, ಬರೋಕ್ ಕಾಲದ (17-18ನೆಯ ಶತಮಾನ) ಗಾಯನ, ಆರ್ಗನ್ ವಾದನ. ಈ ಕಟ್ಟಡ ಸಂಗೀತಕ್ಕಾಗಿಯೇ ಉಸಿರಾಡುತ್ತದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಒಂದು ಸಂಜೆ ಬಿಡುವಿದ್ದರೆ ಅರಮನೆ ಟಿಕೆಟ್ಟಿಗಿಂತ ಮೊದಲು ಇದನ್ನು ಕೊಳ್ಳಿ. ಅಗ್ಗದ ಆಸನಗಳು ಕಂಬದ ಮರೆಯಲ್ಲಿರಬಹುದು, ನಕ್ಷೆ ನೋಡಿ ಆರಿಸಿ. ರಾತ್ರಿ ವಾಪಸಾಗುವ ಕೊನೆಯ ರೈಲಿನ ಹೊತ್ತನ್ನೂ ನೋಡಿಟ್ಟುಕೊಳ್ಳಿ.

ಹರ್ಕ್ಯುಲಿಸ್ ಕೋಣೆ: ಕನ್ನಡಿಗರು ನಿಲ್ಲಬೇಕಾದ ಜಾಗ

ಮೇಲಿನ ಚಾಪೆಲ್ ಬಾಗಿಲಿನಿಂದ ಮುಂದಕ್ಕೆ ಸಿಗುವುದೇ ಹರ್ಕ್ಯುಲಿಸ್ ಸಲೋನ್. ಹಿಂದಿನ ಚಾಪೆಲ್ ಇದ್ದ ಸ್ಥಳ ಇದೇ, 1710ರ ನಂತರ ಅದನ್ನು ತೆಗೆದು ಕೋಣೆ ಮಾಡಿದರು. ಚಾವಣಿಯಲ್ಲಿ ಫ್ರಾನ್ಸ್ವಾ ಲೆಮ್ವಾನ್ 1736ರಲ್ಲಿ ಮುಗಿಸಿದ ಚಿತ್ರ, 142 ಪಾತ್ರಗಳು. ಗೋಡೆಯ ಮೇಲಿನ, ಇಟಲಿಯ ಚಿತ್ರಕಾರ ವೆರೊನೇಸೆ ಬರೆದ ದೊಡ್ಡ ಚಿತ್ರ 1664ರಲ್ಲಿ ವೆನಿಸ್ ಗಣರಾಜ್ಯ ಕೊಟ್ಟ ಉಡುಗೊರೆ.

1788ರ ಆಗಸ್ಟ್ 10ರಂದು ಈ ಕೋಣೆಯಲ್ಲಿ 16ನೆಯ ಲೂಯಿಯ ಮುಂದೆ ನಿಂತವರು ಮೈಸೂರಿನ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು: ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿ ಮರುವರ್ಷ ಜೂನ್‌ನಲ್ಲಿ ತೂಲೋನ್ ಬಂದರಿಗೆ ಇಳಿದಿದ್ದರು. ಬೇಕಿದ್ದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಅದು ಸಿಗಲಿಲ್ಲ. ಮರುವರ್ಷ ಅಕ್ಟೋಬರ್ 6ರಂದು ರಾಜಕುಟುಂಬವೇ ಜನರ ಒತ್ತಾಯಕ್ಕೆ ಮಣಿದು ಈ ಅರಮನೆ ಬಿಟ್ಟು ಪ್ಯಾರಿಸ್‌ಗೆ ಹೋಯಿತು. ಶ್ರೀರಂಗಪಟ್ಟಣದ ರಾಜಕಾರಣ ಇಲ್ಲಿಯವರೆಗೆ ಬಂದು ಮುಟ್ಟಿತ್ತು ಎಂಬುದನ್ನು ತಿಳಿದು ಈ ಕೋಣೆ ದಾಟುವುದಕ್ಕೂ ತಿಳಿಯದೆ ದಾಟುವುದಕ್ಕೂ ಬಹಳ ವ್ಯತ್ಯಾಸವಿದೆ.

ಕನ್ನಡಿ ಹಜಾರ ಮತ್ತು ಉಳಿದ ಕೋಣೆಗಳು

ಮುಂದೆ ಗ್ರಹದೇವತೆಗಳ ಹೆಸರಿನ ಕೋಣೆಗಳ ಸಾಲು. 9ಕ್ಕೆ ಬಂದವರಾದರೆ ಈ ಸಾಲನ್ನು ಸ್ವಲ್ಪ ಚುರುಕಾಗಿ ದಾಟಿ, ಕನ್ನಡಿ ಹಜಾರದಲ್ಲಿ ಕಾಲೂರಿ. 73 ಮೀಟರ್ ಉದ್ದ, ತೋಟದ ಕಡೆ 17 ಕಿಟಕಿ, ಎದುರಿಗೆ 17 ಕಮಾನು, ಅವುಗಳಲ್ಲಿ 357 ಕನ್ನಡಿ. ಒಂದೊಂದು ಕಮಾನಿನಲ್ಲೂ ಹಲವು ತುಂಡು ಜೋಡಿಸಿದ್ದಾರೆ. ಚಾವಣಿ ಶಾರ್ಲ್ ಲ ಬ್ರೂನ್ ನೇತೃತ್ವದ್ದು, ರಾಜನ ಆಳ್ವಿಕೆಯ ಮೊದಲ 18 ವರ್ಷದ ಕಥೆ. ಫೋಟೋಗೆ ಎಲ್ಲರೂ ನಟ್ಟನಡುವೆ ನಿಲ್ಲುತ್ತಾರೆ. ಕಿಟಕಿ ಬದಿಗೆ ಸರಿದು ಕನ್ನಡಿಗಳನ್ನು ಓರೆಯಾಗಿ ತೆಗೆದರೆ ಜನರ ತಲೆ ಕಡಿಮೆ ಬೀಳುತ್ತದೆ. ಮೊದಲ ಮಹಾಯುದ್ಧದ ನಂತರ 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲೇ. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಬಿಕಾನೇರಿನ ಮಹಾರಾಜ ಗಂಗಾ ಸಿಂಗ್ ಒಬ್ಬರು.

ಹಜಾರದ ಹಿಂದೆ, ಪೂರ್ವಕ್ಕೆ ಮುಖ ಮಾಡಿ ರಾಜನ ಮಲಗುವ ಕೋಣೆ. ಆಮೇಲೆ ರಾಣಿಯ ಕೋಣೆಗಳು. ಕೊನೆಗೆ 120 ಮೀಟರಿನ ಯುದ್ಧಚಿತ್ರ ಶಾಲೆ, ಅದು ಇಲ್ಲಿ ವಾಸವಿದ್ದ ರಾಜರ ಕಾಲದ್ದಲ್ಲ, 1837ರ ಮ್ಯೂಸಿಯಂ. ದಣಿದಿದ್ದರೆ ನೇರ ನಡೆದು ದಾಟಿ. ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. ಹೊರಬೀಳುವ ಮೊದಲು ಶೌಚಾಲಯಕ್ಕೆ ಹೋಗಿಬನ್ನಿ, ಉದ್ಯಾನದಲ್ಲಿ ಹುಡುಕಿಕೊಂಡು ನಡೆಯಬೇಕಾಗುತ್ತದೆ.

ಊಟ

ಮಾಂಸ ತಿನ್ನದವರಿಗೆ ಇಲ್ಲಿ ಸಲಾಡ್ ಕೂಡ ಸುರಕ್ಷಿತವಲ್ಲ, ಹಂದಿಮಾಂಸದ ಚೂರು, ಟ್ಯೂನಾ ಮೀನು ಸೇರಿರಬಹುದು. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಬೇಕು. ಬುತ್ತಿ ತರುವುದೇ ಲೇಸು. ಆದರೆ ಅರಮನೆಯೊಳಗೆ ತಿನ್ನುವಂತಿಲ್ಲ, ಉದ್ಯಾನದ ಹುಲ್ಲಿನ ಮೇಲೆ ಹರಡಿಕೊಂಡು ಕೂರುವಂತಿಲ್ಲ. ಮಹಾಕಾಲುವೆಯ ಸುತ್ತಲಿನ ಪಾರ್ಕಿನಲ್ಲಿ ಕೂತು ಉಣ್ಣಬಹುದು. ಮಂಗಳವಾರ, ಶುಕ್ರವಾರ, ಭಾನುವಾರ ಬೆಳಗ್ಗೆ ಊರಿನ ನೊತ್ರ್ ದಾಮ್ ಮಾರುಕಟ್ಟೆಯಲ್ಲಿ ಬ್ರೆಡ್, ಹಣ್ಣು, ಚೀಸ್ ಚೆನ್ನಾಗಿ ಸಿಗುತ್ತದೆ.

ಉದ್ಯಾನ: ನೀರಿನ ಹಿಂದೆ ನಡೆಯಿರಿ

ಆಂದ್ರೆ ಲ ನೋತ್ರ್ 1661ರಿಂದ ರೂಪಿಸಿದ ಈ ತೋಟವನ್ನು ನೋಡುವ ಕ್ರಮವನ್ನು 14ನೆಯ ಲೂಯಿ ತಾನೇ ಬರೆದಿಟ್ಟಿದ್ದ: ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು, 25 ಹೆಜ್ಜೆಗಳಲ್ಲಿ. ಅವನ ಮೊದಲ ಸೂಚನೆ ಇಂದಿಗೂ ಸರಿ. ಕೆಳಗೆ ಓಡಬೇಡಿ, ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲವನ್ನೂ ಒಮ್ಮೆ ನೋಡಿ.

ಮೇಲಿನಿಂದ ಕಾಲುವೆ ಹತ್ತಿರವೇ ಇದೆ ಅನ್ನಿಸುತ್ತದೆ. ಅದು ಕಣ್ಣಿಗೆ ಆಗುವ ಮೋಸ. ಕಾಲುವೆಯೊಂದೇ 1,670 ಮೀಟರ್ ಉದ್ದ, ಸುತ್ತಳತೆ ಸುಮಾರು 5.5 ಕಿ.ಮೀ. ಇಳಿಜಾರಿನಲ್ಲಿ ಹೋಗುವುದು ಹಗುರ, ವಾಪಸು ಏರು. ಕಾಲಿನ ಶಕ್ತಿ ಅದಕ್ಕೆ ತಕ್ಕಂತೆ ಉಳಿಸಿಕೊಳ್ಳಿ.

ಕಾರಂಜಿಗಳು ದಿನವಿಡೀ ಯಾಕೆ ಚಿಮ್ಮುವುದಿಲ್ಲ? ಹಳೆಯ ಕೊಳವೆ ಜಾಲ ಇಂದಿಗೂ ಬಹುಮಟ್ಟಿಗೆ ಎತ್ತರದ ಜಲಾಶಯಗಳಿಂದ ಇಳಿಯುವ ನೀರಿನ ಒತ್ತಡದಲ್ಲೇ ನಡೆಯುತ್ತದೆ. ರಾಜನ ಕಾಲದಲ್ಲೂ ನೀರು ಸಾಲುತ್ತಿರಲಿಲ್ಲ. 1684ರಲ್ಲಿ ಸೇನ್ ನದಿಗೆ 14 ಚಕ್ರಗಳ ಮಾರ್ಲಿ ಯಂತ್ರ ಹೂಡಿದರೂ ಕೊರತೆ ತೀರಲಿಲ್ಲ. ರಾಜ ಹತ್ತಿರ ಬಂದಾಗ ಆಳುಗಳು ಶಿಳ್ಳೆ ಹೊಡೆದು ಮುಂದಿನ ಕಾರಂಜಿ ತೆರೆಸುತ್ತಿದ್ದರು, ಹಿಂದಿನದನ್ನು ಮುಚ್ಚುತ್ತಿದ್ದರು. ಈಗಲೂ ನೀರು ಬಿಡುವುದು ಗೊತ್ತಾದ ಹೊತ್ತಿನಲ್ಲಿ ಮಾತ್ರ. ಗೇಟಿನಲ್ಲಿ ಆ ದಿನದ ನಕ್ಷೆ ತೆಗೆದುಕೊಂಡು, ಯಾವ ಕೊಳಕ್ಕೆ ಎಷ್ಟು ಹೊತ್ತಿಗೆ ಎಂಬುದನ್ನು ಗುರುತು ಮಾಡಿ.

ನಡೆಯಲು ಒಂದು ಒಳ್ಳೆಯ ಸುತ್ತು ಹೀಗಿದೆ. ಮೇಲಿನ ಜಗಲಿಯಿಂದ ಎಡಕ್ಕೆ ಹೋಗಿ ಕಟ್ಟೆಯಿಂದ ಕೆಳಗಿನ ಓರಾಂಜೆರಿ ನೋಡಿ. ಕಿತ್ತಳೆ, ನಿಂಬೆ, ದಾಳಿಂಬೆ, ಕಣಗಿಲೆ ಸೇರಿ ಸಾವಿರಕ್ಕೂ ಹೆಚ್ಚು ಮರಗಳು ಮರದ ಪೆಟ್ಟಿಗೆಗಳಲ್ಲಿವೆ. ಮೇ ನಡುವಿನಿಂದ ಅಕ್ಟೋಬರ್‌ವರೆಗೆ ಹೊರಗೆ, ಚಳಿಗೆ ಒಳಗೆ. ಅಲ್ಲಿಂದ ಲಾತೋನಾ ಕೊಳಕ್ಕೆ ಇಳಿಯಿರಿ. ಎಡಗಡೆಯ ತೋಪುಗಳಲ್ಲಿ ನೃತ್ಯಶಾಲೆಯ ತೋಪನ್ನು ಬಿಡಬೇಡಿ, ಚಿಪ್ಪು ಮತ್ತು ಒರಟು ಕಲ್ಲು ಮೆತ್ತಿದ ಮೆಟ್ಟಿಲುಗಳ ಮೇಲೆ ನೀರು ಇಳಿಯುತ್ತದೆ. ಆಮೇಲೆ ಮಾನ್ಸಾರ್‌ನ ದುಂಡು ಸ್ತಂಭಸಾಲು, ಅಪೊಲೊ ಕೊಳ. ಜನ ನಡು ದಾರಿಯಲ್ಲೇ ನೇರ ಹೋಗುವುದರಿಂದ ತೋಪುಗಳು ವಾರಾಂತ್ಯದಲ್ಲೂ ಅಷ್ಟಾಗಿ ತುಂಬಿರುವುದಿಲ್ಲ.

ತ್ರಿಯಾನೋನ್: ಹೋಗಬೇಕೆ?

ಮಧ್ಯಾಹ್ನ 12ಕ್ಕೆ ತೆರೆಯುತ್ತದೆ, ಬೆಳಗ್ಗೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಅರಮನೆಯಿಂದ ನಡಿಗೆ ಸುಮಾರು ಅರ್ಧ ಗಂಟೆ. ದುಡ್ಡು ಕೊಟ್ಟರೆ ಪುಟ್ಟ ಟ್ರೇನ್ ಇದೆ. ಗುಲಾಬಿ ಅಮೃತಶಿಲೆಯ ದೊಡ್ಡ ತ್ರಿಯಾನೋನ್, 1768ರಲ್ಲಿ ಮುಗಿದ ಚಿಕ್ಕ ತ್ರಿಯಾನೋನ್, 1783ರಿಂದ ಮರಿ ಆಂತ್ವಾನೆತ್ ಕಟ್ಟಿಸಿಕೊಂಡ ಹಳ್ಳಿಮನೆಗಳು, ಇವುಗಳಿಗೆ ಕನಿಷ್ಠ ಎರಡು ಗಂಟೆ. ಕಾರಂಜಿ ದಿನದಲ್ಲಿ ಬಂದು ಇದನ್ನೂ ತುರುಕಿದರೆ ಯಾವುದೂ ದಕ್ಕುವುದಿಲ್ಲ. ಕಾರಂಜಿ ಇಲ್ಲದ ದಿನ ಬಂದಿದ್ದರೆ ಮಧ್ಯಾಹ್ನವನ್ನು ಪೂರ್ತಿ ಇಲ್ಲಿಗೇ ಕೊಡಿ. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳ್ಳಿಯ ಕಡೆಗೆ ಮೊದಲು ಹೋಗಿ.

ಹಿಂತಿರುಗುವಾಗ

ಕಾರಂಜಿ ದಿನದ ಕೊನೆಯ ಪ್ರದರ್ಶನ ಉತ್ತರದ ನೆಪ್ಚೂನ್ ಕೊಳದಲ್ಲಿ, ಒಟ್ಟು 99 ಚಿಮ್ಮುಗೊಳವೆಗಳು. ಜನವೆಲ್ಲ ಆ ಹೊತ್ತಿಗೆ ಅಲ್ಲಿಗೇ ಸೇರುವುದರಿಂದ ಕಾಲು ಗಂಟೆ ಮುಂಚೆ ಹೋಗಿ ಏರಿನ ಹುಲ್ಲುಮೆಟ್ಟಿಲಲ್ಲಿ ಜಾಗ ಹಿಡಿಯಿರಿ. ಮುಗಿದ ಮೇಲೆ ಮತ್ತೆ ಅರಮನೆಯವರೆಗೆ ಹತ್ತಬೇಡಿ. ಅಲ್ಲೇ ಇರುವ ನೆಪ್ಚೂನ್ ಗೇಟಿನಿಂದ ಊರಿಗೆ ಹೊರಬಿದ್ದು, ಮಾರುಕಟ್ಟೆ ಬೀದಿ ಹಿಡಿದು ರೀವ್ ದ್ರುವಾತ್ ನಿಲ್ದಾಣಕ್ಕೆ ನಡೆಯಿರಿ. ಸೇಂಟ್ ಲಜಾರ್ ಕಡೆಯ ಎಲ್ ರೈಲು ಅಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಸಿಗುತ್ತದೆ, ಅದೇ ಹೊತ್ತಿಗೆ ಆರ್‌ಇಆರ್ ಸಿ ನಿಲ್ದಾಣದಲ್ಲಿ ನೂಕುನುಗ್ಗಲಿರುತ್ತದೆ.